ಚಿಲಕ ಇಲ್ಲ, ಜಿಪ್ಪು

ಕೈಗಾದಲ್ಲಿ ಮೂವತ್ತೊಂದು ವರ್ಷ ಮೀಟರಿನ ಮುಳ್ಳು ಕಾದ
ರಾಯ್ಕರ್ ಸಾಹೇಬರು, ಪಕ್ಕದಲ್ಲಿ ವೃಂದಾಬಾಯಿ,
ನನ್ನ ಮೇಜಿನ ಮೇಲೆ ಆಫ್ರಿಕಾ ಹರವಿ ಕೂತಿದ್ದಾರೆ.
ಇದು ನಾಲ್ಕನೇ ಶನಿವಾರ.

ಬೇಲಿ ಇದೆಯಾ? ಪ್ರತಿ ವಾರ ಮೊದಲ ಪ್ರಶ್ನೆ ಅದೇ.
ಮೊದಲನೆಯದಕ್ಕೆ ಇದೆ, ಸರ್. ಕಲ್ಲಿನ ಲಾಡ್ಜು, ಎಪ್ಪತ್ತು ಕೋಣೆ,
ಈಜುಕೊಳ, ಕರೆಂಟಿನ ತಂತಿ, ರಾತ್ರಿ ಬಫೆ,
ಒಂದು ಸಿಂಹಕ್ಕೆ ಇಪ್ಪತ್ತು ಜೀಪು.
ಎರಡನೆಯದು ನದಿಯ ದಂಡೆಗೆ. ಹನ್ನೆರಡು ಡೇರೆ.
ಕತ್ತಲಾದ ಮೇಲೆ ನೀರಾನೆ ಹುಲ್ಲಿಗೆ ಬರುತ್ತದೆ,
ಹರಿದು ತಿನ್ನುವ ಸದ್ದು ದಿಂಬಿನವರೆಗೆ ಕೇಳುತ್ತದಂತೆ.
ಚಿಲಕ?
ಚಿಲಕ ಇಲ್ಲ. ಜಿಪ್ಪು.
ಸಾಹೇಬರು ತಮ್ಮ ಬ್ಯಾಗಿನದನ್ನೇ ಒಮ್ಮೆ ಎಳೆದು ನೋಡುತ್ತಾರೆ.
ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ.

ಬಾಯಿಯವರ ಚಿಂತೆ ಬೇರೆ.
ಒಂಬತ್ತು ದಿನ ಬಂಗಡೆ ಇಲ್ಲದೆ ಹೇಗೆ?
ಸರೋವರದ ಮೀನು ಸಿಗುತ್ತದೆ ಎಂದೆ.
ಉಪ್ಪು ಕಾಣದ್ದು ಎಂಥಾ ಮೀನು, ಎಂದರು.
ಆಮೇಲೆ, ಗಂಡ ಫೋನಿಗೆಂದು ಹೊರಗೆ ಹೋದಾಗ:
ನಂಗೆ ಡೇರೆಯೇ ಬೇಕು.
ಮದುವೆಯಾದಾಗಿನಿಂದ ಮಲ್ಲಾಪುರದ ಕ್ವಾರ್ಟರ್ಸು,
ಗೇಟು, ಪಾಸು, ಸೈರನ್ನು.
ಒಂದು ರಾತ್ರಿಯಾದರೂ ಯಾವುದೋ ಪ್ರಾಣಿ
ಯಾರನ್ನೂ ಕೇಳದೆ ನನ್ನ ತಲೆಯ ಹತ್ತಿರ ಹಾದುಹೋಗಲಿ.

ನಾನು ಆಫ್ರಿಕಾ ನೋಡಿಲ್ಲ.
ಗೋವೆಯ ವಿಮಾನ ನಿಲ್ದಾಣದಲ್ಲಿ ಗಾಜಿನ ಬಾಗಿಲವರೆಗೆ ಹೋಗಿ
ಜನರನ್ನು ಬಿಟ್ಟು ಬಂದಿದ್ದೇನೆ, ಅಷ್ಟೇ.
ಆದರೂ ಗೊತ್ತು
ಯಾವ ತಿಂಗಳು ಹಿಂಡು ನದಿ ದಾಟುತ್ತದೆ,
ಯಾವ ತಿಂಗಳು ಕೆಸರು, ಅರ್ಧ ದರ;
ಹದಿನೈದು ಕಿಲೋ ಮೀರಿದರೆ ಪುಟ್ಟ ವಿಮಾನ ಮುನಿಸಿಕೊಳ್ಳುವುದು;
ಊಟಕ್ಕೆ ಹೊರಡುವ ಮುಂಚೆ ಟಾರ್ಚು ಅಲ್ಲಾಡಿಸಿದರೆ
ಭರ್ಚಿ ಹಿಡಿದವನೊಬ್ಬ ಬಂದು ಕರೆದೊಯ್ಯುವುದು.

ಮೂರನೆಯದನ್ನು ನಾನಿನ್ನೂ ತೋರಿಸಿರಲಿಲ್ಲ.
ಅಭಯಾರಣ್ಯದ ಗಡಿಯಾಚೆ, ಆರೇ ಡೇರೆ.
ಬೇಲಿಯಿಲ್ಲ, ಬೇರೆ ಜೀಪಿಲ್ಲ, ಸದ್ದಿಲ್ಲ.
ಹದಿನಾಲ್ಕನೇ ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ:
ಇಲ್ಲಿಯ ದನಗಾಹಿಗಳು ನೆಲವನ್ನು ಗುತ್ತಿಗೆಗೆ ಕೊಟ್ಟು
ಸ್ವಇಚ್ಛೆಯಿಂದ ಸರಿದು ನಿಂತಿದ್ದಾರೆ.

ಸ್ವಇಚ್ಛೆ.
ಅಜ್ಜಿಯ ಹೆಬ್ಬೆಟ್ಟಿನ ಮೇಲ್ಗಡೆಯೂ ಆ ಶಬ್ದವಿತ್ತು,
ಗೋಡೆ ಬರುವ ಮೊದಲಿನ ಕಾಗದದಲ್ಲಿ.
ಓದಿ ಹೇಳಿದ್ದು ನಾನೇ. ಐದನೇ ಇಯತ್ತೆ.
ಒತ್ತಕ್ಷರ ಬಿಟ್ಟು ಓದಿದ್ದೆ.

ದರ ವಿಚಾರಿಸುವ ನೆವದಲ್ಲಿ ಒಂದು ಮೇಲ್ ಹಾಕಿದೆ.
ಕೊನೆಗೊಂದು ಸಾಲು: ಸರಿದು ನಿಂತವರು ಈಗ ಎಲ್ಲಿ?
ಮರುದಿನವೇ ಉತ್ತರ, ಬಹಳ ನಯ:
ಜೀಪಿನಲ್ಲಿ ನಲವತ್ತು ನಿಮಿಷ. ಹಟ್ಟಿಗೆ ಭೇಟಿ ಏರ್ಪಡಿಸಬಹುದು,
ತಲೆಗೆ ಇಪ್ಪತ್ತೈದು ಡಾಲರ್, ಕುಣಿತ ಸೇರಿ. ಮಣಿಸರ ಬೇರೆ.
ಬಾಡಿಗೆ ತಿಂಗಳು ತಿಂಗಳು ಅವರ ಖಾತೆಗೆ.
ಹದಿನೈದು ವರ್ಷಕ್ಕೆ ಗುತ್ತಿಗೆ ಮುಗಿಯುತ್ತದೆ,
ಬೇಡವೆಂದರೆ ನೆಲ ವಾಪಸು.

ನಗುವುದಕ್ಕೆ ಸಿದ್ಧಳಾಗಿದ್ದೆ ನಾನು, ಆ ಕುಣಿತಕ್ಕೆ.
ವಾಪಸು ಎಂಬಲ್ಲಿಗೆ ಬರುವಾಗ
ಎಂದೂ ಕಾಣದ ಒಬ್ಬ ದನಗಾಹಿಯ ಮೇಲೆ
ಹೊಟ್ಟೆಕಿಚ್ಚಾಯಿತು.

ಆ ಕಾಗದವನ್ನು ಮೆಲ್ಲಗೆ ಅವರತ್ತ ಸರಿಸಿದೆ.
ಬಾಯಿ ಪೂರ್ತಿ ಓದಲಿಲ್ಲ. ಆರೇ ಡೇರೆ? ಸಾಕು.
ಸಾಹೇಬರು ಮುಂಗಡ ಕಟ್ಟಿದರು,
ರಶೀದಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು.

ಸಂಜೆಯ ಅಂಕೋಲೆ ಬಸ್ಸು ಗೋಡೆಯ ಉದ್ದಕ್ಕೂ ಓಡುತ್ತದೆ.
ಗೋಡೆ, ಮೇಲೆ ತಂತಿ, ತಂತಿಯ ಮೇಲೆ ಹೊನ್ನೆಮರದ ತುದಿ.
ಅದರ ಬುಡದಲ್ಲಿ ಅಜ್ಜಿ ಸಿಗಡಿ ಒಣಹಾಕುತ್ತಿದ್ದಳು,
ಕಾಗೆ ಓಡಿಸಲು ನಾನು.
ಈಗ ಒಂದು ಮುಸಿಯ ತಂತಿಯ ನಡುವೆ ಕೂತು
ಈಚೆ ನೋಡಿತು, ಆಚೆ ಇಳಿಯಿತು.

ಫೋನು. ರಾಯ್ಕರ್ ಸಾಹೇಬರು.
ಅಲ್ಲ, ಆ ಜಿಪ್ಪಿಗೆ ಒಂದು ಸಣ್ಣ ಬೀಗ ಹಾಕಬಹುದಾ, ಕೇಳಿ ನೋಡಿ.
ಹಾಕಬಹುದು ಸರ್, ಎಂದೆ.
ಒಳಗಿನಿಂದ.