ಎಂಟನೆಯ ಮೆಟ್ಟಿಲು

ಇಪ್ಪತ್ತೆಂಟು ವರ್ಷ ಕೊಳವೆಗಳಿಗೆ ಕಿವಿ ಕೊಟ್ಟವಳು ನಾನು.
ಸ್ಕ್ರೂಡ್ರೈವರಿನ ತುದಿ ಕಬ್ಬಿಣಕ್ಕೆ, ಹಿಡಿ ಕಿವಿಯ ಎಲುಬಿಗೆ:
ಬೇರಿಂಗು ಸವೆದರೆ ಒಂದು ನರಳು,
ಗಾಳಿ ಸಿಕ್ಕಿಕೊಂಡರೆ ಬಿಕ್ಕಳಿಕೆ.
ಕುವೊಪಿಯೊ ಈಜುಕೊಳದ ನೆಲಮಾಳಿಗೆಯಲ್ಲಿ
ನಾನರಿಯದ ಸದ್ದಿರಲಿಲ್ಲ.

ಈಗ ಸಾಯ್ಮಿ ಬಂದಿದ್ದಾಳೆ, ನನ್ನ ಅರ್ಧ ವಯಸ್ಸಿನ ಮೇಷ್ಟ್ರು,
ಒಂದು ಲ್ಯಾಪ್‌ಟಾಪು, ಒಂದು ಹಳದಿ ಕೇಬಲ್ಲು.
ಏನನ್ನೂ ಬರೆಯಬೇಡ, ಅನ್ನುತ್ತಾಳೆ. ಬರೀ ಕೇಳು.

ಕೇಳಲೇನಿದೆ? ತೆರೆಯ ತುಂಬ ಅಂಕಿಯ ಸಾಲು,
ಕಣ್ಣು ಹಿಡಿಯುವ ಮುನ್ನ ಮೇಲೇರಿ ಮಾಯ.
ಜರಡಿ ಹಿಡಿ, ಅನ್ನುತ್ತಾಳೆ.
ನಲವತ್ತೇಳು ಸಾವಿರದ ಎಂಟುನೂರ ಎಂಟು:
ಆ ಒಂದು ಬಾಗಿಲಿನ ಮಾತು ಉಳಿಸಿ
ಮಿಕ್ಕ ಜೊಳ್ಳನ್ನು ತೂರಿಬಿಟ್ಟೆ.

ಆಗ ಕೇಳಿಸಿತು.
ಯಾರ್‍ಯಾರಿದ್ದೀರಿ? ಎಂದು ಒಬ್ಬ ಇಡೀ ಕಟ್ಟಡಕ್ಕೆ ಕೂಗುತ್ತಾನೆ.
ನಾನಿದ್ದೇನೆ, ಹನ್ನೆರಡನೇ ಪಂಪು.
ನಾನಿದ್ದೇನೆ, ಸೌನಾದ ಫ್ಯಾನು.
ಕ್ಲೋರಿನ್ ಕೋಣೆಯವನು ಮಾತ್ರ
ಎರಡು ಸಲ ಕರೆಸಿಕೊಂಡು ಹಾಜರಿ ಕೊಟ್ಟ.

ಇದು ಬರೀ ಕೂಗು, ಎಲ್ಲರಿಗೂ ಕೇಳುತ್ತದೆ;
ಪಿಸುಮಾತಿಗೆ ಕನ್ನಡಿ ಬೇಕು, ಎಂದಳು ಸಾಯ್ಮಿ.
ಸ್ವಿಚ್ಚಿನ ಕೊನೆಯ ಕಿಂಡಿಯಲ್ಲಿ
ಉಳಿದೆಲ್ಲ ಕಿಂಡಿಗಳ ಬಿಂಬ ಬೀಳಿಸಿದಳು.
ಗೋಡೆಗೆ ಕಿವಿಯುಂಟು ಎನ್ನುತ್ತಿದ್ದಳು ನನ್ನಜ್ಜಿ.
ಇಷ್ಟು ಬಾಯಿಯುಂಟೆಂದು ಯಾರೂ ಹೇಳಿರಲಿಲ್ಲ.

ಮೂರನೇ ವಾರ ಕಣ್ಣು ಪಳಗಿತು.
(ನೀರಿನ ಬಿಸಿಯನ್ನು ಗಂಟೆಯೆಂದು ಓದಿ
ನಗೆಪಾಟಲಾದದ್ದು ಎರಡನೇ ವಾರ.)
ಆಗ ಕಂಡದ್ದು: ಹತ್ತು ನಿಮಿಷಕ್ಕೊಮ್ಮೆ
ಯಾವ ಪಟ್ಟಿಯಲ್ಲೂ ಇಲ್ಲದ ವಿಳಾಸವೊಂದು
ಹೆಂಗಸರ ಬಟ್ಟೆ ಬದಲಿಸುವ ಕೋಣೆಗೆ ಬರೆಯುತ್ತದೆ:
ಇಪ್ಪತ್ತಾರೂವರೆ ಡಿಗ್ರಿ. ಆದ್ಯತೆ ಎಂಟು.

ಹದಿನಾರು ಮೆಟ್ಟಿಲ ಏಣಿ ಅದು. ಎಂಟನೆಯದು ಮನುಷ್ಯನ ಕೈ.
ತಳದಲ್ಲಿ ವೇಳಾಪಟ್ಟಿ ನಿಂತು
ಇಪ್ಪತ್ತೆರಡು, ಇಪ್ಪತ್ತೆರಡು ಎಂದು ಗೊಣಗುತ್ತದೆ.
ಕೇಳುವವರಿಲ್ಲ.

ಕೇಬಲ್ಲಿನ ಜಾಡು ಹಿಡಿದು ಹೋದೆವು.
ಮಾಪು, ಬಕೆಟ್ಟು, ಹರಿದ ತೇಲುಹಲಗೆಗಳ ಹಿಂದೆ
ಧೂಳಿನ ಕಂಬಳಿ ಹೊದ್ದ ಬೂದು ಕಂಪ್ಯೂಟರು,
ಮೇಲೆ ಚೀಟಿಯಲ್ಲಿ ಉರ್ಪೊ ಟೋಲ್ವನೆನ್ನನ ಅಕ್ಷರ.
ನಿವೃತ್ತನಾಗಿ ವರ್ಷ ಆರಾಯಿತು.

ಫೋನು ಮಾಡಿದರೆ ಕಲ್ಲವೇಸಿಯ ಹಿಮದ ಮೇಲೆ
ತೂತು ಕೊರೆದು ಗಾಳ ಬಿಟ್ಟು ಕೂತಿದ್ದಾನೆ.
"ಕಂಪ್ಯೂಟರೇ? ಇನ್ನೂ ಓಡುತ್ತಿದೆಯೇ?
ಏನೋ ಕಾರಣ ಇತ್ತಮ್ಮ. ತಾಳು, ಮೀನು ಎಳೀತಿದೆ."

ಒಂದೇ ಸಾಲು ಸಾಕು, ಎಂದಳು ಸಾಯ್ಮಿ.
ಸೊನ್ನೆ ಅಲ್ಲ. ಸೊನ್ನೆ ಬರೆದರೆ ಕೋಣೆ ಹೆಪ್ಪುಗಟ್ಟುತ್ತದೆ.
"ಏನೂ ಇಲ್ಲ" ಎಂದು ಬರೆಯಬೇಕು;
ಆಗ ಕೈ ತಾನಾಗಿ ಬಿಡುತ್ತದೆ.
ಮೊದಲು ಅವನ ಯಂತ್ರ ಕಿತ್ತುಹಾಕು,
ಇಲ್ಲದಿದ್ದರೆ ಹತ್ತೇ ನಿಮಿಷ, ಮತ್ತೆ ಹಿಡಿಯುತ್ತಾನೆ.

ಗುರುವಾರ, ಕೀಳುವ ಮೊದಲು, ಮೇಲೆ ಹೋಗಿ ನೋಡಿದೆ.
ಹೊರಗೆ ಸೊನ್ನೆಗಿಂತ ಇಪ್ಪತ್ತಮೂರು ಕೆಳಗೆ.
ಒಳಗೆ ನೀರಿನ ವ್ಯಾಯಾಮ ಮುಗಿಸಿದ ಏಳು ಮುದುಕಿಯರು,
ಒದ್ದೆ ಕೂದಲು, ಒಂದು ಕಾಲಿಗೆ ಉಣ್ಣೆಯ ಸಾಕ್ಸು,
ಇನ್ನೊಂದು ಸಾಕ್ಸು ಕೈಯಲ್ಲೇ, ಮಾತು ಮುಗಿಯದೆ.
ಏಳುವ ಅವಸರ ಯಾರಿಗೂ ಇಲ್ಲ.
ಒಬ್ಬಾಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿದಳು.
ಎಷ್ಟು ಹೊತ್ತು ಕೂತೆನೋ.

ಇಳಿದು ಬಂದಾಗ ಸಾಯ್ಮಿ ತೆರೆ ನೋಡುತ್ತಿದ್ದಳು.
ಹನ್ನೊಂದು ನಲವತ್ತು: ಇಪ್ಪತ್ತಾರೂವರೆ.
ಹನ್ನೊಂದು ಐವತ್ತು: ಇಪ್ಪತ್ತಾರೂವರೆ.
ಏನಾಯಿತು, ಎಂದು ಕೇಳಿದಳು.
ನಾಳೆ ನೋಡೋಣ ಎಂದು
ಉಗ್ರಾಣಕ್ಕೆ ಹೋಗಿ
ಮಾಪಿನ ಬಕೆಟ್ಟನ್ನು ಮೊದಲಿದ್ದಲ್ಲಿಗೇ ತಳ್ಳಿ ಬಂದೆ.