ಬಿಳಿಯ ಸನ್ನೆಕೋಲು

ಸೆಲ್ಬಿಯಲ್ಲಿ ಬೆಳಗಿನ ಏಳೂವರೆ.
ಅರ್ಧ ಗಂಟೆಯ ಭೇಟಿ: ಮಾತ್ರೆ, ಓಟ್ಸ್ ಗಂಜಿ, ಬಿಗಿ ಕಾಲುಚೀಲ,
ಹೊರಡುವ ಮುಂಚೆ ಫೋನಿನಲ್ಲಿ ಹಾಜರಿ.
ಏಜೆನ್ಸಿಯ ಲಿಂಕು ಒತ್ತಿದರೆ
ಬೇಡದ ಬ್ರೌಸರಿನಲ್ಲಿ ತೆರೆದುಕೊಂಡು
ನೀವು ಯಾರು ಎನ್ನುತ್ತದೆ,
ಎರಡು ವರ್ಷದಿಂದ ಅದರದೇ ಸಂಬಳ ತಿನ್ನುವವಳನ್ನು.
ಬ್ಯಾಂಕಿಗೆ ಇನ್ನೊಂದೇ ಆಗಬೇಕು,
ಔಷಧಿ ಅಂಗಡಿಗೆ ಮತ್ತೊಂದು.
ಎತ್ತು ಏರಿಗೆ, ಕೋಣ ನೀರಿಗೆ,
ನಡುವೆ ನನ್ನ ಹೆಬ್ಬೆರಳು.
ತಡವಾದರೆ ಕಾಲು ಗಂಟೆಯ ಕೂಲಿ ಖೋತಾ.

ಅದಕ್ಕೇ ನಿನ್ನೆ ರಾತ್ರಿ ಇಳಿಸಿಕೊಂಡೆ
ಒಂದು ಪುಟ್ಟ ಆ್ಯಪ್ಪು.
ತಾನಾಗಿ ಏನನ್ನೂ ತೋರಿಸದು.
ಬಂದ ಲಿಂಕನ್ನು ಹೊಸ್ತಿಲಲ್ಲೇ ತಡೆದು
ಯಾವೂರಪ್ಪಾ ಎಂದು ಕೇಳಿ
ಸರಿಯಾದ ಕೋಣೆಗೆ ಕಳಿಸುತ್ತದೆ, ಅಷ್ಟೇ.

"ಏನದು, ನೀಲ್?" ಎಂದರು ವಿಲ್ಫ್ ಮಾರ್ಫಿಟ್.
ನೀಲಗಂಗವ್ವ ನಾನು, ಬ್ಯಾಡ್ಜಿನಲ್ಲಿ ನೀಲಾ,
ಅವರ ಬಾಯಲ್ಲಿ ಗಂಡಸು.
ಹೇಳಿದೆ, ಬಂದಷ್ಟು ಇಂಗ್ಲಿಷಿನಲ್ಲಿ,
ಗಂಜಿ ಆರುತ್ತಿದ್ದರೂ.
ಅವರು ಚಮಚ ಕೆಳಗಿಟ್ಟರು.
"ಅದು ಸಿಗ್ನಲ್ ಬಾಕ್ಸು, ಲವ್.
ಮೂವತ್ತೊಂದು ವರ್ಷ ನಾನು ಕೂತದ್ದು ಅದರೊಳಗೇ."

ಉಪ್ಪು, ಸಾಸು, ಮಾತ್ರೆಯ ಶೀಶೆ, ಸಕ್ಕರೆ
ಮೇಜಿನ ಮೇಲೆ ಸನ್ನೆಕೋಲುಗಳಾಗಿ ಸಾಲು ನಿಂತವು.
ಕೆಂಪಿನದು ರೈಲು ನಿಲ್ಲಿಸಲು,
ಕಪ್ಪಿನದು ಹಳಿ ತಿರುಗಿಸಲು,
ತಿರುಗಿದ ಹಳಿಗೆ ಬೀಗ ಹಾಕಲು ನೀಲಿ.
ಬೇಕೆಂದಾಗ ಬೇಕಾದ್ದನ್ನು ಎಳೆಯುವ ಹಾಗಿಲ್ಲ,
ಒಂದು ಇನ್ನೊಂದರ ಕೈ ಹಿಡಿದಿರುತ್ತದೆ.
ಬರಿಗೈಯಲ್ಲಿ ಮುಟ್ಟುವುದೂ ಇಲ್ಲ,
ಬೆವರಿಗೆ ಉಕ್ಕು ತುಕ್ಕಾಗುತ್ತದೆ, ಬಟ್ಟೆ ಬೇಕು.
ನನ್ನ ಹೆಗಲ ಮೇಲಿದ್ದ ಒರಸು ಬಟ್ಟೆ ಎಳೆದುಕೊಂಡು
ಸಾಸಿನ ಬಾಟಲಿಯನ್ನು ತಮ್ಮತ್ತ ವಾಲಿಸಿದರು.

"ಯಾರೂ ಏನೂ ಮುಟ್ಟದಿದ್ದರೆ
ನಿನ್ನದು ಎಲ್ಲಿಗೆ ಹೋಗುತ್ತದೆ?"
ಕಂಪನಿಯವರು ಹೇಳಿದ ಕಡೆಗೆ, ಎಂದೆ.
"ನಮ್ಮಲ್ಲಿ ಮುಟ್ಟದಿದ್ದರೆ ಕೆಂಪು.
ತಂತಿ ಹರಿದರೂ ಕೆಂಪು."

ಸೆಟ್ಟಿಂಗ್ಸಿನ ಒಳಗೆ, ಅದರೊಳಗೆ, ಇನ್ನೂ ಒಳಗೆ
ಹೊಸ ಆ್ಯಪ್ಪಿನ ಹೆಸರಿಗೆ ಚುಕ್ಕೆ ಇಟ್ಟೆ.
ಮೊದಲ ಲಿಂಕಿಗೇ ಅದು ಕೇಳಿತು, ನನ್ನ ಫೋನು ಕನ್ನಡದ್ದು:
ಒಮ್ಮೆ ಮಾತ್ರವೋ? ಯಾವಾಗಲೂ?
ಅವರಿಗೆ ಅರ್ಥ ಹೇಳಿದೆ.
"ಯಾವಾಗಲೂ ಅನ್ನುವುದು ದೊಡ್ಡ ಮಾತು,"
ಎಂದರು, ಗೋಡೆಯ ಮೇಲಿನ ಡೋರೀನಳತ್ತ ನೋಡದೆ.

ಏಜೆನ್ಸಿ ಒಂದಕ್ಕೆ. ಬ್ಯಾಂಕು ಎರಡಕ್ಕೆ. ಔಷಧಿ ಮೂರಕ್ಕೆ.
ಗುರುತಿಲ್ಲದ್ದೆಲ್ಲ ನಿಂತು ಕೇಳಲಿ, ಕೆಂಪು.
ಉಳಿಯಿತು ನಾಲ್ಕನೆಯದು,
ಫೋನಿನ ಜೊತೆಗೇ ಹುಟ್ಟಿದ್ದು, ಅಳಿಸಲು ಬಾರದ್ದು,
ನಾನೆಂದೂ ಬಳಸದ್ದು.
"ಅದು ಬಿಳಿ," ಎಂದರು.
ಕೆಲಸ ಮುಗಿದ ಕೋಲಿಗೆ ಬಿಳಿ ಬಳಿಯುತ್ತಾರಂತೆ.
ಸಾಲಿನಿಂದ ಕೀಳುವುದಿಲ್ಲ,
ಕಿತ್ತರೆ ಮಿಕ್ಕವರ ಕೈಗೆ ಲೆಕ್ಕ ತಪ್ಪುತ್ತದೆ.

ಆ ಬಿಳಿಗೆ ಅವರದೊಂದು ಲಿಂಕು ಕಟ್ಟಿದೆವು:
ಬರ್ಥೋಮ್ ಲೇನಿನ ಗೇಟು, ಕಂಬದ ಮೇಲಿನ ಕ್ಯಾಮೆರಾ,
ಅವರು ಕೂತಿದ್ದ ಬಾಕ್ಸು ಕೆಡವಿದ ಜಾಗ.
ದಿನಾ ಎರಡು ನಿಮಿಷ ಕಾಲುಚೀಲ ಏರಿಸುವಾಗ
ಅವರ ಅಂಗೈಯಲ್ಲಿ ನನ್ನ ಫೋನು.
"ತಡ," ಎನ್ನುವರು. ಅಥವಾ, "ಹೋಗಲಿ, ಬಂದ."

ಮೇ ತಿಂಗಳಲ್ಲಿ ಮಗಳು ಅವರನ್ನು ಗೂಲ್‌ನ ಹೋಮಿಗೆ ಸೇರಿಸಿದಳು.
ಏಳೂವರೆಗೆ ಈಗ ಬೇರೆ ಬಾಗಿಲು,
ಬೆಕ್ಕಿನ ಜೊತೆ ಮಾತ್ರ ಮಾತಾಡುವ ಹೆಂಗಸು.
ಹಾಜರಿ ಒಂದೇ ಸಲಕ್ಕೆ ತೆರೆಯುತ್ತದೆ,
ಕೂಲಿ ಖೋತಾ ಇಲ್ಲ.

ನಾಲ್ಕನೆಯ ನಿಯಮ ಅಳಿಸಲೇ ಎಂದು
ಆ್ಯಪ್ಪು ಎರಡು ಸಲ ಕೇಳಿದೆ,
ಬಹಳ ದಿನದಿಂದ ಬಳಕೆಯಲ್ಲಿಲ್ಲವಂತೆ.
ಬಸ್ ಸ್ಟಾಪಿನಲ್ಲಿ ನಿಂತು
ತೋಳಿನ ತುದಿಯನ್ನು ಬೆರಳಿಗೆಳೆದು ಒತ್ತುತ್ತೇನೆ.
ಗೇಟು ಇಳಿದಿದೆ.
ಬ್ರೆಡ್ಡಿನ ವ್ಯಾನೊಂದು ಕಾಯುತ್ತಿದೆ.
ತಡ.