‘ಇತ್ತು’ ಎಂಬ ಪದರ

ಮುಹರ್ರಕ್‌ನ ನಮ್ಮ ಶಾಲೆ, ಹತ್ತನೇ ತರಗತಿ, ಬಿ ವಿಭಾಗ.
ಮೂವತ್ತೊಂದು ಮಕ್ಕಳು, ಹನ್ನೊಂದು ಟ್ಯಾಬ್ಲೆಟ್,
ಆರು ವಾರ, ಒಂದೇ ಪ್ರಶ್ನೆ:
ನಮ್ಮ ಹತ್ತಿರದ ಸಮುದ್ರ ಎಷ್ಟು ಹತ್ತಿರ?

ಪ್ರಿನ್ಸಿಪಾಲರಿಗೆ ಪ್ರಾಜೆಕ್ಟ್ ಎಂಬ ಪದ ಬೇಕಿತ್ತು,
ತಾಯ್ತಂದೆಯರಿಗೆ ಅಂಕ.
ನನಗೇನು ಬೇಕಿತ್ತೋ ನನಗೇ ನೆಟ್ಟಗೆ ತಿಳಿದಿರಲಿಲ್ಲ.
ಗಂಗೊಳ್ಳಿಯಲ್ಲಿ ನಾನು ಕಲಿತ ಭೂಗೋಳವೆಂದರೆ
ಖಾಲಿ ನಕ್ಷೆಯ ಅಂಚಿಗೆ ನೀಲಿ ಪೆನ್ಸಿಲು ಉಜ್ಜುವುದು,
ಬಣ್ಣ ಗೆರೆ ದಾಟಿದರೆ ಗೆಣ್ಣಿಗೆ ಸ್ಕೇಲು.
ಗೆರೆಯೇ ದಾಟುತ್ತದೆಂದು ಯಾರೂ ಹೇಳಿರಲಿಲ್ಲ.

ಮೊದಲು ಉಪಗ್ರಹದ ಚಿತ್ರ ಹಾಸಿದರು,
ಅದರ ಮೇಲೆ ಹಳೆಯದೊಂದು ನಕ್ಷೆ.
ಮೂಲೆಗೆ ಮೂಲೆ ಕೂಡಿಸಲು ಎರಡು ಪೀರಿಯಡ್ಡು ಹಿಡಿಯಿತು.
ಅಫ್ರಾ ಸ್ಲೈಡರ್ ಎಳೆದಳು, ಮೆಲ್ಲಗೆ,
ಕಾಯಿಸಿದ ಹಾಲಿನ ಕೆನೆ ಸರಿಸಿದ ಹಾಗೆ —
ಪೆಟ್ರೋಲ್ ಬಂಕು ಮಾಸಿತು, ಫುಟ್‌ಬಾಲ್ ಮೈದಾನ ಮಾಸಿತು,
ಮಾಸಿದಲ್ಲೆಲ್ಲ ನೀರು.
“ಮಿಸ್, ನಮ್ಮ ಕ್ಲಾಸೂ ಮುಳುಗಿತು” ಎಂದ ಮೆಲ್ರಾಯ್.
ಎಲ್ಲರೂ ನಗುತ್ತ ಒಮ್ಮೆ ಕಾಲೆತ್ತಿ ಕೂತರು.
ನಾನೂ, ಸುಳ್ಳೇಕೆ, ಚಪ್ಪಲಿ ನೋಡಿಕೊಂಡೆ.

ಶಮ್ವೀಲ್ ನಗಲಿಲ್ಲ.
ಅವನಪ್ಪ ಡ್ರೆಜರ್ ಹಡಗಿನಲ್ಲಿ ಪಂಪು ನೋಡಿಕೊಳ್ಳುವವರು:
ಕಡಲ ತಳದ ಮರಳು ಹೀರಿ
ಕಡಲಿಗೇ ಸುರಿಯುವ ಕೆಲಸ, ಹದಿನೇಳು ವರ್ಷ.
“ಮೈದಾನ ನಮ್ಮಪ್ಪನದು” ಎಂದ.
ಹೆಮ್ಮೆಯೋ ತಪ್ಪೊಪ್ಪಿಗೆಯೋ, ದನಿ ಬಿಟ್ಟುಕೊಡಲಿಲ್ಲ.

ಮೂರನೇ ವಾರ, ಬಿಸಿಲು ಇಳಿದ ಮೇಲೆ,
ಫೋನು ಹಿಡಿದು ಹಳೆಯ ದಡದ ಗುಂಟ ನಡೆದೆವು.
ಚಹಾದಂಗಡಿಯ ಬೆಂಚಿನಲ್ಲಿ ಹಾಜಿ ಮಹದಿ,
ಒಂದು ಕಣ್ಣಿಗೆ ಪೊರೆ, ಇನ್ನೊಂದರಲ್ಲಿ ತುಂಟತನ.
ಮಕ್ಕಳ ಅರೆಬರೆ ಅರಬ್ಬಿಯನ್ನು ತಿದ್ದಿ ತಿದ್ದಿ ಸುಸ್ತಾಗಿ
ಕೊನೆಗೆ ಊರುಗೋಲೆತ್ತಿ ತೋರಿದರು:
ಅಗೋ ಅಲ್ಲಿ, ಎರಡು ಮಾರು ಆಳದಲ್ಲಿ,
ಉಪ್ಪುನೀರಿನ ನಡುವೆ ಸಿಹಿನೀರ ಬುಗ್ಗೆ.
ಅಪ್ಪ ಮೇಕೆ ಚರ್ಮದ ಚೀಲ ಹಿಡಿದು ಮುಳುಗುತ್ತಿದ್ದ,
ಮೇಲೆ ಬಂದರೆ ಇಡೀ ದೋಣಿಗೆ ಕುಡಿಯುವ ನೀರು.

ಊರುಗೋಲಿನ ತುದಿಯಲ್ಲಿ ಈಗ
ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗು, ನಲವತ್ತೇಳನೇ ಅಂಕಣ,
ಒಂದಕ್ಕೊಂದು ತೂರಿಸಿಟ್ಟ ಟ್ರಾಲಿಗಳು.
ಶಮ್ವೀಲ್ ಅಲ್ಲೇ ನಿಂತು ಬಿಂದು ಗುರುತಿಸಿದ.
ಬಗೆ: ಚಿಲುಮೆ. ಸ್ಥಿತಿ:
ಆ್ಯಪು ಕೊಟ್ಟ ಉತ್ತರ ಎರಡೇ, ಇದೆ ಅಥವಾ ಇಲ್ಲ.
ಒಂದನ್ನು ಒತ್ತದೆ ಮುಂದಕ್ಕೆ ಬಿಡುವುದಿಲ್ಲ.
ಇದೆ ಎಂದರೆ ಸುಳ್ಳು.
ಇಲ್ಲ ಎನ್ನೋಣವೆಂದರೆ
ಹಾಜಿ ಮಹದಿ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದಾರೆ.

“ಮಿಸ್, ಎರಡರ ನಡುವಿನದಕ್ಕೆ ನಿಮ್ಮ ಭಾಷೆಯಲ್ಲಿ ಏನಂತಾರೆ?”
ಹೇಳಿದೆ. ಅಫ್ರಾ ಹೊಸ ಪದರ ತೆರೆದು ಆ ಹೆಸರಿಟ್ಟಳು.
ಫಾಂಟು ಸಿಗದೆ ಅಕ್ಷರವೆಲ್ಲ ಖಾಲಿ ಚೌಕಗಳಾದವು;
ರಾತ್ರಿ ಮನೆಯಲ್ಲಿ ಕೂತು ಸರಿಮಾಡಿ ತಂದಳು.
ಆಮೇಲೆ ತಡೆಯಿಲ್ಲ:
ಮೀನು ಒಣಗಿಸುತ್ತಿದ್ದ ಕಟ್ಟೆ, ಇತ್ತು.
ದೋಣಿ ಕಟ್ಟುತ್ತಿದ್ದ ಗೂಟ, ಇತ್ತು.
ಹಾಜಿಯವರ ತಂಗಿ ಈಜು ಕಲಿತ ಮೆಟ್ಟಿಲು.
ಮೆಲ್ರಾಯ್ ತನ್ನ ಹಳೆಯ ಫ್ಲಾಟನ್ನೂ ಸೇರಿಸಿದ,
ಅಪ್ಪನ ಕೆಲಸ ಹೋಗುವ ಮೊದಲಿನದು.
ಅದು ಸಮುದ್ರವಲ್ಲವಲ್ಲ ಎನ್ನಲು ಬಾಯಿ ತೆರೆದವಳು
ಹಾಜರಿ ಕರೆದೆ.

ಅಂಕದ ಪಟ್ಟಿಯಲ್ಲಿ ಐದು ಕಾಲಮ್ಮು.
ನಿಖರತೆಗೆ ಐದಕ್ಕೆ ಮೂರು ಕೊಟ್ಟೆ,
ಬಿಂದು ನಾಲ್ಕು ಮೀಟರು ಆಚೀಚೆ ಇರಬಹುದಂತೆ.
“ತೀರ್ಮಾನ ಎಲ್ಲಿ?” ಎಂದು ಪ್ರಿನ್ಸಿಪಾಲರು ಕೇಳಿದರು.
ಬರೆಯುತ್ತಿದ್ದಾರೆ, ಎಂದೆ.

ಗುರುವಾರ ಸಂಜೆ ಅದೇ ಸೂಪರ್‌ಮಾರ್ಕೆಟ್ಟಿಗೆ ಹೋದೆ.
ನಲವತ್ತೇಳು ಖಾಲಿಯಿತ್ತು, ಕಾರು ನಿಲ್ಲಿಸಿದೆ.
ಐದು ಲೀಟರಿನ ಎರಡು ಬಾಟಲಿ ನೀರು ಕೊಂಡು ಬಂದು
ಡಿಕ್ಕಿಗೆ ತುಂಬಿ, ಒಳಗೆ ಕೂತು,
ಮಕ್ಕಳ ನಕ್ಷೆ ತೆರೆದು ಸ್ಲೈಡರ್ ಎಳೆದೆ.
ದಡದಿಂದ ಇನ್ನೂರು ಹೆಜ್ಜೆ ಒಳಗೆ
ನಾನೊಂದು ನೀಲಿ ಚುಕ್ಕೆ, ಮಿಣುಕುತ್ತಿದ್ದೆ.

ಹಿಂದಿನಿಂದ ಹಾರ್ನು.
ಯಾರಿಗೋ ಜಾಗ ಬೇಕಿತ್ತು.